ನೋಟ್‌ಬುಕ್ ಕೊಟ್ಟರೆ ಆಮಿಷ, ಸೀರೆ ಹಂಚಿದರೆ ಸೇವೆ?

ಹೊನ್ನಾಳಿಯಲ್ಲಿ ನನಗೊಬ್ಬ ಹೈಸ್ಕೂಲ್ ಗೆಳೆಯನಿದ್ದಾನೆ. ಅಲ್ಲಿನ ಒಂದು ಸಣ್ಣ ಕ್ರೈಸ್ತ ಸಭೆಯ ಲೆಕ್ಕಪತ್ರ ನೋಡಿಕೊಳ್ಳುವವನು ಅವನೇ. ಈಚೆಗೆ ಊರಿಗೆ ಹೋಗಿದ್ದಾಗ ಸಭೆಯ ಖರ್ಚಿನ ಪುಸ್ತಕಗಳನ್ನು ತಂದು ನನ್ನ ಮುಂದಿಟ್ಟ. "ರಾಜಕೀಯ ಬರೀತೀಯಲ್ಲ, ಇದನ್ನೂ ಓದು. ಇದ್ರಾಗೆ ಯಾವ ಸಾಲು ಅಪರಾಧ ಐತೆ ಅಂತ ತೋರಿಸು ನೋಡಾಣ" ಅಂದ.

ಓದಿದೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಸಭೆಯ ಮನೆಗಳವರು ಒಂದು ಹೊತ್ತು ಊಟ ಬಿಟ್ಟು ಡಬ್ಬಿಗೆ ಹಾಕಿದ ದುಡ್ಡು ಹಾಸಿಗೆ ಹಿಡಿದವರ ಔಷಧಿಗೆ ಹೋಗಿದೆ. ಜೂನ್‌ನಲ್ಲಿ ಶಾಲೆ ಮಕ್ಕಳಿಗೆ ನೋಟ್‌ಬುಕ್. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿ ಬಾಲರಾಜ್ ಘಾಟ್‌ನ ಮನೆಗಳಿಗೆ ನೀರು ನುಗ್ಗಿದರೆ ಕಾಳಜಿ ಕೇಂದ್ರಕ್ಕೆ ಚಾದರ, ಬಿಸ್ಕತ್ತು. ಆಮೇಲೆ ಸುಗ್ಗಿ ಹಬ್ಬ. ಸಭೆಯವರು ತಮ್ಮ ಹೊಲದ ಮೊದಲ ಫಲ ತಂದು ದೇವರ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು ಕೂಗುತ್ತಾರೆ. ಒಂದು ಕುಂಬಳಕಾಯಿ, ಒಂದು ಚೀಲ ಮೆಕ್ಕೆಜೋಳ, ಒಂದು ಹುಂಜ ಸಂತೆಯ ಬೆಲೆಗಿಂತ ಮೂರು ಪಟ್ಟಿಗೆ ಹೋಗುತ್ತವೆ. ಆ ದುಡ್ಡಲ್ಲಿ ಯಾರದ್ದೋ ಆಸ್ಪತ್ರೆ ಬಿಲ್ಲು. ಡಿಸೆಂಬರ್‌ನಲ್ಲಿ ವಯಸ್ಸಾದವರಿಗೆ ಕಂಬಳಿ. ಅಲ್ಲಿಗೆ ವರ್ಷ ಮುಗಿಯಿತು. ಒಟ್ಟು ಮೊತ್ತ ನಮ್ಮ ಕಡೆಯ ಒಂದು ಮದುವೆಯ ಶಾಮಿಯಾನದ ಖರ್ಚಿಗೂ ಸಾಲದು.

ಒಂದು ವಿಷಯ ಮಾತ್ರ ಕಣ್ಣಿಗೆ ಬಿತ್ತು. 2022ರಿಂದ ಈಚೆಗೆ ನೋಟ್‌ಬುಕ್‌ನ ಸಾಲೇ ಇಲ್ಲ.

"ಯಾಕೆ?" ಅಂದೆ.

"ಸಭೆಯವರ ಮಕ್ಕಳಿಗಷ್ಟೇ ಕೊಡಾಕೆ ಮನಸ್ಸು ಬರಲಿಲ್ಲ. ಬ್ಯಾರೆಯವರ ಮಕ್ಕಳಿಗೆ ಕೊಡಾಕೆ ಧೈರ್ಯ ಬರಲಿಲ್ಲ."

ಈ ಎರಡು ವಾಕ್ಯಗಳ ಹಿಂದೆ ಒಂದು ಕಾನೂನಿದೆ. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಪಾಸಾಯಿತು. 2022ರ ಮೇನಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು, ಅದೇ ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಒಪ್ಪಿಗೆಯನ್ನೂ ಪಡೆಯಿತು. ಆಮಿಷ ಒಡ್ಡಿ ಮತಾಂತರ ಮಾಡುವುದು, ಮಾಡಲು ಯತ್ನಿಸುವುದು ಅದರಡಿ ಅಪರಾಧ. ಆಮಿಷ ಅಂದರೆ ಏನು? ಉಡುಗೊರೆ, ಹಣ, ವಸ್ತು ರೂಪದ ಲಾಭ, ಉದ್ಯೋಗ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ-ಕಾಲೇಜಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿ ಎಲ್ಲವೂ ಪಟ್ಟಿಯಲ್ಲಿವೆ. ಶಿಕ್ಷೆ 3ರಿಂದ 5 ವರ್ಷ. ಮಹಿಳೆಯರು, ಅಪ್ರಾಪ್ತರು, ದಲಿತರು, ಆದಿವಾಸಿಗಳ ವಿಷಯದಲ್ಲಾದರೆ 10 ವರ್ಷದವರೆಗೆ. ದೂರು ಕೊಡಲು ಸಂಬಂಧಿಕರೇ ಆಗಬೇಕಿಲ್ಲ, ಸಹೋದ್ಯೋಗಿಯೂ ಕೊಡಬಹುದು. ನಿರಪರಾಧಿ ಅಂತ ಸಾಬೀತು ಮಾಡುವ ಹೊಣೆ ಆರೋಪಿಯದ್ದೇ.

ನೋಟ್‌ಬುಕ್ ಕೊಡುವುದೇ ಅಪರಾಧ ಅಂತ ಕಾನೂನು ಹೇಳುವುದಿಲ್ಲ, ನಿಜ. ಆದರೆ ನೋಟ್‌ಬುಕ್ ಕೊಟ್ಟಾಗ ನಿನ್ನ ಮನಸ್ಸಲ್ಲಿ ಏನಿತ್ತು ಅಂತ ನೀನೇ ಕೋರ್ಟಿಗೆ ತೋರಿಸಿಕೊಡು ಅಂದರೆ ಯಾರು ತೋರಿಸಿಯಾರು? ಕೋರ್ಟಿಗೆ ಹೋಗುವ ಮಾತು ದೂರ. 2021ರ ಜನವರಿಯಿಂದ ನವೆಂಬರ್‌ವರೆಗೆ ರಾಜ್ಯದಲ್ಲಿ ಕ್ರೈಸ್ತರ ಮೇಲೆ 39 ದ್ವೇಷದ ದಾಳಿಗಳನ್ನು ಪಿಯುಸಿಎಲ್ ದಾಖಲಿಸಿತ್ತು. ಅಂದರೆ ಕಾನೂನಿಗಿಂತ ಮೊದಲೇ ಗುಂಪು ಬಂದಿತ್ತು. ಕಾನೂನು ಬಂದು ಆ ಗುಂಪಿನ ಕೈಗೆ ಒಂದು ಪದ ಕೊಟ್ಟಿತು.

ಈಗ ನಮ್ಮ ಹೊನ್ನಾಳಿಯನ್ನೇ ನೋಡಿ. 2021ರ ಎರಡನೇ ಅಲೆಯಲ್ಲಿ ಆಗಿನ ಶಾಸಕ ಎಂ.ಪಿ. ರೇಣುಕಾಚಾರ್ಯ ಕೋವಿಡ್ ಕೇರ್ ಸೆಂಟರ್‌ನಲ್ಲಿ ಸೋಂಕಿತರ ಜೊತೆ ಕುಣಿದದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಅಲ್ಲೇ ಹೋಮವೂ ನಡೆಯಿತು. ಕೋವಿಡ್ ನಿಯಮದ ಬಗ್ಗೆ ಟೀಕೆ ಬಂತು, ಆದರೆ ಆಮಿಷ ಅಂತ ಯಾರೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರು ನಮ್ಮ ನಡುವೆ ಸಾವಿರಾರು ಮಂದಿ ಇದ್ದಾರೆ. ಮಠಗಳ ಉಚಿತ ಹಾಸ್ಟೆಲ್‌ಗಳಿಲ್ಲದಿದ್ದರೆ ಮಧ್ಯ ಕರ್ನಾಟಕದ ಎಷ್ಟೋ ಹಳ್ಳಿಗಳ ಮೊದಲ ಪದವೀಧರರು ಹುಟ್ಟುತ್ತಲೇ ಇರಲಿಲ್ಲ. ಅದು ದಾಸೋಹ, ಅದಕ್ಕೆ ಕೈ ಮುಗಿಯೋಣ. ಚುನಾವಣೆ ವರ್ಷದಲ್ಲಿ ಸೀರೆ, ಕುಕ್ಕರ್ ಬಂದರೆ ಅದು 'ಸಮಾಜಸೇವೆ'. ಚರ್ಚಿನವರ ಇನ್ನೂರು ಪುಟದ ನೋಟ್‌ಬುಕ್ ಮಾತ್ರ ಯಾಕೆ ಪಿತೂರಿ?

'ಅಕ್ಕಿ ಮೂಟೆ ಕ್ರಿಶ್ಚಿಯನ್' ಅನ್ನುವ ಬೈಗುಳ ನೀವೂ ಕಾಮೆಂಟುಗಳಲ್ಲಿ ನೋಡಿರುತ್ತೀರಿ. ಭತ್ತ ಬೆಳೆಯುವ ಊರಿನವನಾಗಿ ನನಗೆ ಇದು ನಗು ತರಿಸುತ್ತೆ. ಅನ್ನಭಾಗ್ಯ 2013ರಲ್ಲೇ ಶುರುವಾಯಿತು. ರೇಷನ್ ಕಾರ್ಡಿಗೆ ಅಕ್ಕಿ ಸಿಗುವ ರಾಜ್ಯದಲ್ಲಿ ಒಂದು ಮೂಟೆಗೆ ಜನ ದೇವರನ್ನೇ ಬದಲಾಯಿಸುತ್ತಾರೆ ಅನ್ನುವವರು ಬಡವರನ್ನು ಏನೆಂದುಕೊಂಡಿದ್ದಾರೆ?

ನಿಜವಾದ ಲಾಭ-ನಷ್ಟದ ಲೆಕ್ಕ ಹಾಕಿದರೆ ಚಿತ್ರ ತಿರುವುಮುರುವಾಗುತ್ತೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿ ಸ್ಥಾನಮಾನ. ದಲಿತನೊಬ್ಬ ಕ್ರೈಸ್ತನಾದರೆ ಆ ಮೀಸಲಾತಿ ಹೋಗುತ್ತೆ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಹೋಗುತ್ತೆ. ಕೇರಿ ಮಾತ್ರ ಅದೇ ಕೇರಿ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಬೇಲಿ ತೆಗೆಯಿರಿ ಅಂದಿತ್ತು, ತೆಗೆದಿಲ್ಲ. ಹಾಗಾಗಿ ಮತ ಬದಲಾಯಿಸದಂತೆ ಅತಿ ದೊಡ್ಡ ಆಮಿಷ ಒಡ್ಡುತ್ತಿರುವುದು ಸರ್ಕಾರವೇ.

ಅಂಕಿ ಬೇಕಾ? ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು 2001ರ ಜನಗಣತಿಯಲ್ಲಿ ಶೇ. 1.91. 2011ರಲ್ಲಿ ಶೇ. 1.87. ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್ 2021ರಲ್ಲಿ ಸದನದಲ್ಲಿ ಮತಾಂತರದ ಮಾತೆತ್ತಿದ ಮೇಲೆ ಆ ತಾಲ್ಲೂಕಿನಲ್ಲಿ ಸಮೀಕ್ಷೆ ನಡೆಯಿತು. ಬಲವಂತದ ಮತಾಂತರ ಕಂಡುಬಂದಿಲ್ಲ ಅಂತ ತಹಶೀಲ್ದಾರರು ವರದಿ ಕೊಟ್ಟರು. ಅದಾದ ಮೇಲೆ ಅವರ ವರ್ಗಾವಣೆ ಆಯಿತು.

'ವಿದೇಶಿ ಹಣ' ಅನ್ನುವವರಿಗೂ ಒಂದು ಮಾತು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ದೆಹಲಿಯ ಎಸ್‌ಬಿಐ ಶಾಖೆಯ ಖಾತೆಗೇ ಬರಬೇಕು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ನನ್ನ ಗೆಳೆಯನ ಪುಸ್ತಕದಲ್ಲಿ ಇದ್ದದ್ದು ಹುಂಜ ಮಾರಿದ ದುಡ್ಡು.

ಹಾಗಂತ ಚರ್ಚುಗಳೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಕೊಡುವವರ ಕೈ ಮೇಲೆ, ತಗೊಳ್ಳುವವರ ಕೈ ಕೆಳಗೆ. ಬ್ಯಾನರ್ ಕಟ್ಟಿ, ಕಂಬಳಿ ಹಿಡಿದ ಅಜ್ಜಿಯ ಫೋಟೊ ತೆಗೆಸುವ ಚಟ ಚರ್ಚಿಗೂ ಇದೆ, ರಾಜಕಾರಣಿಗೂ ಇದೆ. ಜಾತಿ ಚರ್ಚಿನ ಬೆಂಚಿನ ತನಕವೂ ಬಂದು ಕೂತಿದೆ. ಕಷ್ಟದಲ್ಲಿರುವವರನ್ನು ಪ್ರಾರ್ಥನೆಗೆ ಬಂದರೇ ಸಹಾಯ ಅಂತ ಯಾರಾದರೂ ಸತಾಯಿಸಿದರೆ ಅದು ತಪ್ಪೇ. ಧರ್ಮ ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲೇ ಹೇಳಿದೆ. ಬೆದರಿಕೆ, ವಂಚನೆಗಳಿಗೆ ಸಾಮಾನ್ಯ ಅಪರಾಧ ಕಾನೂನಿನಲ್ಲೇ ಶಿಕ್ಷೆ ಇದೆ. ದಾನ ಯಾವತ್ತೂ ಹಕ್ಕಿಗೆ ಬದಲಿಯಲ್ಲ. ಬಾಲರಾಜ್ ಘಾಟ್‌ನವರಿಗೆ ಬೇಕಿರುವುದು ವರ್ಷವರ್ಷ ಚಾದರವಲ್ಲ, ನೀರು ಬಾರದ ಜಾಗದಲ್ಲಿ ಮನೆ. ಅದನ್ನು ಕೊಡಬೇಕಾದದ್ದು ಸರ್ಕಾರ. ಆದರೆ ಮನೆ ಕೊಡದ ಸರ್ಕಾರ ಚಾದರ ಕೊಟ್ಟವರ ಮನಸ್ಸಿನ ತನಿಖೆಗೆ ಹೊರಡುವುದಿದೆಯಲ್ಲ, ಅದನ್ನು ಒಪ್ಪಲು ಆಗುವುದಿಲ್ಲ.

2023ರ ಜೂನ್ 15ರಂದು ಸಿದ್ದರಾಮಯ್ಯ ಸರ್ಕಾರದ ಸಂಪುಟ ಈ ಕಾನೂನನ್ನು ವಾಪಸ್ ಪಡೆಯಲು ತೀರ್ಮಾನಿಸಿತು. ನಾವೆಲ್ಲ ಆ ಸುದ್ದಿಯನ್ನು ಶೇರ್ ಮಾಡಿ ಖುಷಿಪಟ್ಟೆವು. ಜುಲೈ ಅಧಿವೇಶನದಲ್ಲಿ ಮಸೂದೆ ಬರುತ್ತೆ ಅಂದಿದ್ದರು. ಅಧಿವೇಶನ ಮುಗಿಯಿತು, ಮಸೂದೆ ಬರಲಿಲ್ಲ. ಸಂಪುಟದ ತೀರ್ಮಾನದಿಂದ ಕಾನೂನು ರದ್ದಾಗುವುದಿಲ್ಲ, ಸದನದಲ್ಲಿ ಮತ ಬೀಳಬೇಕು. ಆ ಕಡೆಯವರು ಭಯ ಹುಟ್ಟಿಸಿ ಮತ ಕೇಳಿದರು, ಈ ಕಡೆಯವರು ಭಯ ತೆಗೆಯುತ್ತೇವೆ ಅಂತ ಮತ ಕೇಳಿದರು. ಕೇಳಿದ್ದನ್ನು ಮಾಡಿದ್ದೀರಾ ಅಂತ ನಮ್ಮ ನಮ್ಮ ಶಾಸಕರನ್ನು ವಿಚಾರಿಸುವ ಕೆಲಸ ನಮ್ಮದು. ಇದು ಕ್ರೈಸ್ತರು ಮಾತ್ರ ಕೇಳಬೇಕಾದ ಪ್ರಶ್ನೆಯಲ್ಲ.

ಹೊರಡುವಾಗ ಗೆಳೆಯನಿಗೆ ಕೇಳಿದೆ: "ಈ ಜೂನ್‌ಗೆ ನೋಟ್‌ಬುಕ್ ಕೊಡ್ತೀರೇನೋ?"

"ಸರ್ಕಾರಿ ಶಾಲೆ ಹೆಡ್‌ಮಾಸ್ಟ್ರ ಕೈಗೆ ಕೊಟ್ಟು ಬರಾಣ, ನಮ್ಮ ಹೆಸರು ಬ್ಯಾಡ ಅಂತ ಸಭೆಯಾಗೆ ಮಾತಾಡ್ಯಾರೆ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಇಲ್ದೆ ಕೊಡೋದು ಒಳ್ಳೇದೇ ಬಿಡು. ಆದ್ರೆ ಅದು ಹೆದರಿಕಿಗೆ ಆಗಬಾರದಿತ್ತು" ಅಂದ.