ಯಾರ ಕಿವಿಗೆ ಯಾವ ಪಾಠ?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯಾದಿಂದ ಪತ್ರ ಬರೆದಿದ್ದ. “ಮೇಷ್ಟ್ರೇ, ನಮ್ಮ ಪಕ್ಕದ ಮನೆಗೆ ಚೀನಾದಿಂದ ವೃದ್ಧ ದಂಪತಿಗಳು ಬಂದಿದ್ದಾರೆ. ಮ್ಯಾಂಡರಿನ್ ಬಿಟ್ಟರೆ ಬೇರೆ ಭಾಷೆ ಬಾರದು. ಕೇಳಿ ಇಂಗ್ಲಿಷ್ ಕಲಿಯಲು ಒಳ್ಳೆಯ ಆಡಿಯೋ ಪಾಠ ಯಾವುದು ಎಂದು ಅವರ ಮಗ ವಿಚಾರಿಸುತ್ತಿದ್ದಾನೆ. ಅಂತರ್ಜಾಲದಲ್ಲಿ ಸಾವಿರಾರು ಇವೆ. ಯಾವುದನ್ನು ಹೇಳಲಿ?” ಎಂಬುದು ಅವನ ಪ್ರಶ್ನೆ. ಅವನಿಗೆ ಬರೆದ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಇಡುತ್ತಿದ್ದೇನೆ. ನಿಮ್ಮಲ್ಲಿ ಹಲವರು ಹೊರದೇಶಗಳಲ್ಲಿದ್ದೀರಿ. ಇಂಥ ನೆರೆಯವರು ನಿಮಗೂ ಇರಬಹುದು.

ಸಾಮಾನ್ಯವಾಗಿ ಎಲ್ಲರೂ ಮಾತನಾಡುವವರನ್ನು ನೋಡಿ ಪಾಠವನ್ನು ಆರಿಸುತ್ತಾರೆ. ಬಿಬಿಸಿಯ ಉಚ್ಚಾರಣೆ ಶುದ್ಧ, ಆದ್ದರಿಂದ ಬಿಬಿಸಿ; ಅಮೆರಿಕದಲ್ಲಿರುವುದರಿಂದ ಅಮೆರಿಕದ ವಾರ್ತೆ; ಸಿನಿಮಾ ನೋಡುತ್ತಿದ್ದರೆ ತಾನಾಗಿ ಬರುತ್ತದೆ, ಆದ್ದರಿಂದ ಸಿನಿಮಾ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದದ್ದು. ಮೊದಲು ಕೇಳುವವರ ಕಿವಿ ಏನನ್ನು ಬಿಟ್ಟುಬಿಡುತ್ತಿದೆ ಎಂಬುದನ್ನು ಅರಿಯಬೇಕು. ಪಾಠದ ಆಯ್ಕೆ ಆಮೇಲಿನದು. ಇದನ್ನು ನನಗೆ ಕಲಿಸಿದವರು ಒಬ್ಬ ಚೀನೀ ಹಿರಿಯರು.

2014ರಲ್ಲಿ ಫ್ರೀಮಾಂಟಿನಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆ. ಬೆಳಗಿನ ತಿರುಗಾಟದಲ್ಲಿ ಅವರ ಪರಿಚಯವಾಯಿತು. ಚೆಂಗ್ಡುವಿನ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. 1982ರಲ್ಲಿ ಚೀನಾದ ಟೆಲಿವಿಷನ್ನಿನಲ್ಲಿ ಬಿಬಿಸಿಯ ‘ಫಾಲೋ ಮಿ’ ಎಂಬ ಇಂಗ್ಲಿಷ್ ಪಾಠಮಾಲೆ ಬರುತ್ತಿದ್ದಾಗ ದೇಶವೇ ಅದನ್ನು ನೋಡುತ್ತಿತ್ತಂತೆ; ಇವರೂ ಕೆಲವು ಪಾಠ ನೋಡಿದ್ದರು. ಮಗಳು ಅವರಿಗಾಗಿ ದಿನವಿಡೀ ವಾರ್ತೆ ಹಾಕಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು.

ಒಂದು ದಿನ ಅವರಿಗೆ ರಕ್ತಪರೀಕ್ಷೆ ಇತ್ತು. ಹಿಂದಿನ ದಿನ ಫೋನಿನಲ್ಲಿ ಬಂದ ಸೂಚನೆ, “ಬೆಳಿಗ್ಗೆ ತಿನ್ನುವಂತಿಲ್ಲ” ಎಂದು. ಇವರಿಗೆ ಕೇಳಿಸಿದ್ದು “ತಿನ್ನಬಹುದು” ಎಂದು. ಗಂಜಿ ಕುಡಿದು, ಬಸ್ಸು ಹಿಡಿದು ಒಬ್ಬರೇ ಹೋದರು. ಹಾಗೆಯೇ ವಾಪಸು ಬಂದರು. ಆಮೇಲೆ ಮಗಳು ರಜೆ ಹಾಕಿ ಕರೆದೊಯ್ದಳು. ಅಂದಿನಿಂದ ಅವರನ್ನು ಒಂಟಿಯಾಗಿ ಎಲ್ಲಿಗೂ ಕಳಿಸದಾದಳು. ನಲವತ್ತು ಮಕ್ಕಳ ತರಗತಿಯನ್ನು ಆಳಿದ ಮನುಷ್ಯ ಬಸ್ಸು ಹತ್ತಲು ಮಗಳ ಅಪ್ಪಣೆ ಕೇಳುವಂತಾಯಿತು. ಈ ಸಂಕಟ ನನಗೆ ಅರ್ಥವಾಗುತ್ತಿತ್ತು.

ತಪ್ಪಿದ್ದು ಎಲ್ಲಿ? ‘ಕ್ಯಾನ್’ ಮತ್ತು ‘ಕ್ಯಾಂಟ್’ ಎಂಬ ಎರಡು ಪದಗಳಲ್ಲಿ. ಇದಕ್ಕೆ ಅವರ ಭಾಷೆಯ ರಚನೆಯೇ ಕಾರಣ. ಮ್ಯಾಂಡರಿನ್‌ನಲ್ಲಿ ಒಂದು ಉಚ್ಚಾರಾಂಶ ಮುಗಿಯುವುದು ಸ್ವರದಿಂದ, ಇಲ್ಲವೇ ನಕಾರ, ಙಕಾರ, ಅಪರೂಪಕ್ಕೆ ರಕಾರದ ಛಾಯೆಯಿಂದ. ಟ್, ಡ್, ಕ್, ಪ್, ಸ್, ಲ್, ಮ್‌ಗಳಿಂದ ಅದು ಮುಗಿಯುವುದಿಲ್ಲ. ಪದದಾದಿಯಲ್ಲಿ ವ್ಯಂಜನಗಳ ಒತ್ತಕ್ಷರವೂ ಇಲ್ಲ. ಹಾಗಾಗಿ ‘ಸ್ಮಿತ್’ ಎಂಬ ಒಂದೇ ಉಚ್ಚಾರಾಂಶದ ಹೆಸರು ಅಲ್ಲಿ ‘ಷಿ-ಮಿ-ಸಿ’ ಎಂದು ಮೂರಾಗುತ್ತದೆ. ನಾವು ‘ಬಸ್’ ಅನ್ನು ‘ಬಸ್ಸು’, ‘ಕಾರ್’ ಅನ್ನು ‘ಕಾರು’ ಮಾಡಿಕೊಂಡವರು. ನಗುವ ಹಕ್ಕು ನಮಗಿಲ್ಲ.

ಇನ್ನೊಂದು ಸ್ವಾರಸ್ಯ. ‘ಬೀಜಿಂಗ್’ ಎಂದು ನಾವು ಬರೆಯುವ ಊರಿನ ಹೆಸರಿನಲ್ಲಿ ಚೀನೀಯರ ಬಾಯಲ್ಲಿ ಇರುವುದು ನಮ್ಮ ಪಕಾರಕ್ಕೆ ಹತ್ತಿರವಾದ ಧ್ವನಿ. ಅವರ ಕಿವಿ ಗುರುತಿಸುವುದು ಅಲ್ಪಪ್ರಾಣ-ಮಹಾಪ್ರಾಣಗಳ ಭೇದವನ್ನು, ಪಕಾರ-ಬಕಾರಗಳ ಭೇದವನ್ನಲ್ಲ. ನಮ್ಮ ಮಕ್ಕಳು ತಪ್ಪುವ ಮಹಾಪ್ರಾಣ ಅವರಿಗೆ ಸಲೀಸು; ನಮಗೆ ಸಲೀಸಾದ ಬಕಾರ ಅವರಿಗೆ ಕಷ್ಟ. ಮ್ಯಾಂಡರಿನ್ ಆಡುವವರೆಲ್ಲರ ಕಿವಿಯೂ ಒಂದೇ ಅಲ್ಲ. ಚೆಂಗ್ಡು ಕಡೆಯ ಆಡುನುಡಿಯಲ್ಲಿ ನಕಾರ-ಲಕಾರಗಳು ಬೆರೆತುಹೋಗಿವೆ. ನನ್ನ ಮಿತ್ರರಿಗೆ ‘ನೈಟ್’, ‘ಲೈಟ್’ ಎರಡೂ ಒಂದೇ. ಬೀಜಿಂಗಿನವರಿಗೆ ಆ ಅಭ್ಯಾಸಪಾಠ ಬೇಕೇ ಇಲ್ಲ.

ಮೊದಲು ನಾನೂ ತಪ್ಪಿದೆ. ‘ಕ್ಯಾನ್-ಕ್ಯಾಂಟ್’ ಎಂದು ಟಕಾರವನ್ನು ಸಿಡಿಸಿ ಹೇಳುವ, ನಿಧಾನವಾದ ಅಭ್ಯಾಸಪಾಠವೊಂದನ್ನು ಹುಡುಕಿಕೊಟ್ಟೆ. ಅದರಲ್ಲಿ ಅವರಿಗೆ ಹತ್ತಕ್ಕೆ ಹತ್ತು ಅಂಕ. ಫೋನಿನಲ್ಲಿ ಮಾತ್ರ ಮತ್ತೆ ಅದೇ ಗೊಂದಲ. ಮಗಳ ಮನೆಯಲ್ಲಿ ಕುಳಿತು ಅಮೆರಿಕನ್ನರ ಮಾತನ್ನು ಗಮನವಿಟ್ಟು ಕೇಳಿದಾಗ ಕಾರಣ ತಿಳಿಯಿತು. ಅವರು ಆ ಟಕಾರವನ್ನು ಸಿಡಿಸುವುದೇ ಇಲ್ಲ, ಗಂಟಲಲ್ಲೇ ತಡೆದುಬಿಡುತ್ತಾರೆ. ನಿಜವಾದ ಭೇದ ಇರುವುದು ಒತ್ತಿನಲ್ಲಿ. ‘ತಿನ್ನಬಹುದು’ ಎನ್ನುವಾಗ ‘ಕ್ಯಾನ್’ ಸೊರಗಿ ‘ಕನ್’ ಆಗುತ್ತದೆ, ಭಾರವೆಲ್ಲ ‘ಈಟ್’ ಮೇಲೆ. ‘ತಿನ್ನುವಂತಿಲ್ಲ’ ಎನ್ನುವಾಗ ‘ಕ್ಯಾಂಟ್’ ಸೊರಗದೆ ಉದ್ದವಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ನಾನು ಕೊಟ್ಟ ಪಾಠ ಇಲ್ಲದ ಟಕಾರಕ್ಕಾಗಿ ಕಾಯುವುದನ್ನು ಕಲಿಸಿತ್ತು.

ಇದನ್ನು ಅವರಿಗೆ ತಿಳಿಸಲು ಅವರ ಭಾಷೆಯೇ ನೆರವಾಯಿತು. ಚೀನೀ ಭಾಷೆಯಲ್ಲಿ ‘ಮಾಮ’ ಎಂದರೆ ಅಮ್ಮ. ಅದರ ಮೊದಲ ಅಕ್ಷರಕ್ಕೆ ಪೂರ್ಣ ಸ್ವರಭಾರವಿದೆ, ಎರಡನೆಯದು ಹಗುರ. ಆ ಹಗುರತನವೇ ಇಂಗ್ಲಿಷಿನ ‘ಕನ್’ನಲ್ಲಿಯೂ ಇದೆ ಎಂದು ಕೈತಟ್ಟಿ ತೋರಿಸಿದೆ. ಗಣಿತದ ಮೇಷ್ಟ್ರು ಒಡನೆಯೇ ಹಿಡಿದುಕೊಂಡರು.

ಈಗ ಆಯ್ಕೆಯ ಮಾತು. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಆರಂಭಿಸಿದ ‘ಸ್ಪೆಷಲ್ ಇಂಗ್ಲಿಷ್’ ಸುಮಾರು 1500 ಪದಗಳ ಮಿತಿಯಲ್ಲಿ, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಓದುವ ಕಾರ್ಯಕ್ರಮವಾಗಿತ್ತು. 2025ರ ಮಾರ್ಚ್‌ನಲ್ಲಿ ಆ ಸಂಸ್ಥೆಯ ಬಹುಪಾಲು ಕೆಲಸ ಸ್ಥಗಿತಗೊಂಡಿತು. ಅಂಥ ನಿಧಾನದ ಓದು ಪದಸಂಪತ್ತಿಗೆ, ಧೈರ್ಯಕ್ಕೆ ಬಹಳ ಒಳ್ಳೆಯದು. ಆದರೆ ಸೊರಗಿದ ಪದಗಳನ್ನು ಹಿಡಿಯುವ ಅಭ್ಯಾಸ ಅದೊಂದರಿಂದಲೇ ಆಗದು. ಎಲ್.ಜಿ. ಅಲೆಕ್ಸಾಂಡರ್ ಅವರ ‘ನ್ಯೂ ಕಾನ್ಸೆಪ್ಟ್ ಇಂಗ್ಲಿಷ್’ 1967ರದು; ಚೀನಾದಲ್ಲಿ ಬಹುಕಾಲ ಮನೆಮಾತು. ಅದರ ಚಿಕ್ಕ ಕಥೆಗಳು ಪದೇ ಪದೇ ಕೇಳಲು ತಕ್ಕವು, ಬಳಕೆಯ ಮಾತು ಮಾತ್ರ ಹಳೆಯದು. ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ಗೆ ಬರೆಹರೂಪವೂ ಸಿಗುತ್ತದೆ, ಅದೇ ಅದರ ದೊಡ್ಡ ಗುಣ, ಹೊಸಬರಿಗೆ ಆರು ನಿಮಿಷ ಉದ್ದವಾಯಿತು, ಒಂದು ನಿಮಿಷವನ್ನು ಕತ್ತರಿಸಿಕೊಳ್ಳಬೇಕು. 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಪುಸ್ತಕಗಳು ಉಚಿತ. ಆದರೆ ಅವು ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳು, ಆರಂಭಿಕರಿಗಲ್ಲ. ದಿನವಿಡೀ ಹರಿಯುವ ವಾರ್ತೆ ಇವೆಲ್ಲಕ್ಕಿಂತ ಕಡಿಮೆ ಫಲ ಕೊಡುವುದು. ನಿಲ್ಲಿಸಿ ಮರಳಿ ಕೇಳಲಾಗದ್ದು ಪಾಠವಲ್ಲ, ಬರಿಯ ಸದ್ದು.

ಒಂದೇ ಧ್ವನಿಗೆ ಅಂಟಿಕೊಳ್ಳುವುದೂ ಸರಿಯಲ್ಲ. ಜಪಾನೀಯರಿಗೆ ಇಂಗ್ಲಿಷಿನ ರಕಾರ-ಲಕಾರ ಕಲಿಸುವ ಕುರಿತು ಲೋಗನ್, ಲೈವ್ಲಿ ಮತ್ತು ಪಿಸೋನಿ ಎಂಬ ವಿದ್ವಾಂಸರು 1991ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹಲವರ ಧ್ವನಿಯಲ್ಲಿ ಕೇಳಿಸಿ ಅಭ್ಯಾಸ ಮಾಡಿಸಿದಾಗ ವಯಸ್ಕರ ಕಿವಿಯೂ ತಿದ್ದಿಕೊಳ್ಳುತ್ತದೆ ಎಂಬುದು ಅವರ ಅನುಭವ. ಆದ್ದರಿಂದ ಗಂಡಸರು, ಹೆಂಗಸರು, ಮಕ್ಕಳು, ನಮ್ಮಂಥ ಭಾರತೀಯರು, ಎಲ್ಲರ ಇಂಗ್ಲಿಷೂ ಇರಲಿ. ಫ್ರೀಮಾಂಟಿನ ಔಷಧಿ ಅಂಗಡಿಯಲ್ಲಿ ಎದುರಾಗುವುದು ಬಿಬಿಸಿಯವರಲ್ಲ.

ನಾವು ಮಾಡಿದ್ದು ಇಷ್ಟೆ. ನನ್ನ ಮಗಳು, ಅಳಿಯ, ಮೊಮ್ಮಗ, ಇಬ್ಬರು ನೆರೆಯವರು ಇವರೆಲ್ಲರಿಂದ ‘ಕ್ಯಾನ್-ಕ್ಯಾಂಟ್’ ಇರುವ ಇಪ್ಪತ್ತು ವಾಕ್ಯಗಳನ್ನು ಸಹಜ ವೇಗದಲ್ಲಿ ಹೇಳಿಸಿ ಫೋನಿನಲ್ಲಿ ಹಿಡಿದುಕೊಂಡೆವು: ಔಷಧಿ, ಬಸ್ಸು, ಊಟ, ಮೊಮ್ಮಕ್ಕಳ ಶಾಲೆ. ಅವರು ಮೊದಲು ಕೇಳಬೇಕು, ಕೇಳಿದ್ದನ್ನು ಬರೆಯಬೇಕು, ಆಮೇಲೆ ಮಾತ್ರ ಬರೆಹವನ್ನು ನೋಡಬೇಕು. ದಿನಕ್ಕೆ ಹದಿನೈದು ನಿಮಿಷ. ಐದು ವಾರದ ಬಳಿಕ ಇಪ್ಪತ್ತಕ್ಕೆ ಹದಿನಾರು ಸರಿಯಾಗಿತ್ತು. ಉಳಿದ ನಾಲ್ಕಕ್ಕೆ ಅವರೇ ಉಪಾಯ ಕಂಡುಕೊಂಡರು: ಸಂದೇಹ ಬಂದರೆ “ಯೆಸ್ ಆರ್ ನೋ?” ಎಂದು ಮರಳಿ ಕೇಳುವುದು. ನಾನು ಹೊರಡುವ ಮೊದಲು ಅವರು ಮತ್ತೆ ಒಬ್ಬರೇ ಬಸ್ಸು ಹತ್ತಿದ್ದರು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮಾತು. ನೀವು ‘ಇಸ್ಕೂಲು’ ಎಂದಾಗ ನಾನು ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ! ನಿಮ್ಮ ಕಿವಿಗೆ ಏನು ಕೇಳಿಸುತ್ತಿದೆ ಎಂದು ಒಮ್ಮೆಯೂ ವಿಚಾರಿಸಲಿಲ್ಲ. ಆ ಬುದ್ಧಿ ನಿವೃತ್ತಿಯಾದ ಮೇಲೆ ಬಂತು. ನೀವಾದರೂ ಪಕ್ಕದ ಮನೆಯ ಹಿರಿಯರಿಗೆ ಯಾವುದೋ ಕೊಂಡಿಯನ್ನು ಕಳಿಸಿ ಕೈತೊಳೆದುಕೊಳ್ಳಬೇಡಿ. ಹತ್ತು ನಿಮಿಷ ಜೊತೆಯಲ್ಲಿ ಕುಳಿತು, ಒಂದು ವಾಕ್ಯ ಹೇಳಿ, ಅವರಿಗೆ ಏನು ಕೇಳಿಸಿತು ಎಂದು ಕೇಳಿ. ಆಮೇಲೆ ಪಾಠವನ್ನು ಆರಿಸಿ.