ಎಳೆಯುವ ಉಸಿರೇ ಅರ್ಧ ಮದ್ದು

ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಪುತ್ತೂರು–ಮಡಿಕೇರಿಯ ದಾರಿ ಕವಲೊಡೆಯುವ ಮಾಣಿಯಲ್ಲಿ, ಮಳೆ ಹಿಡಿದರೆ ಕರಿದ ಹಪ್ಪಳ ತಟ್ಟೆಯಲ್ಲೇ ಮೆದುವಾಗುತ್ತದೆ. ಉಬ್ಬಸದವರು ಎಳೆಯುವ ಪುಡಿಮದ್ದಿನ ಕ್ಯಾಪ್ಸೂಲಿಗೂ ಅದೇ ಗತಿ. ತೇವ ಕುಡಿದ ಪುಡಿ ಗಂಟುಕಟ್ಟಿ ಬಹುಪಾಲು ಸಾಧನದಲ್ಲೇ ಉಳಿಯುತ್ತದೆ. ಮದ್ದು ಹಿಡಿಯುವುದಿಲ್ಲ ಎಂದು ದೂರುವವರಲ್ಲಿ ಕೆಲವರಿಗಾದರೂ ಅದು ಎದೆಯೊಳಗೆ ಹೋಗಿಯೇ ಇರುವುದಿಲ್ಲ.

ಒತ್ತಿ ಎಳೆಯುವ ಪಂಪ್ ಹಿಡಿದರೆ ಮತ್ತೆ ಬಿಡಲಿಕ್ಕಾಗುವುದಿಲ್ಲ, ಮಾತ್ರೆಯೇ ವಾಸಿ ಎಂಬ ಮಾತು ಊರಲ್ಲಿ ಇನ್ನೂ ಇದೆ. ಲೆಕ್ಕ ಬೇರೆಯೇ ಹೇಳುತ್ತದೆ. ಉಬ್ಬಸದ ಮದ್ದಾದ ಸಾಲ್ಬುಟಮಾಲ್‌ನ ಒಂದು ಮಾತ್ರೆ 4 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ, ಅಂದರೆ ಅದರ 40ನೇ ಒಂದು ಪಾಲು. ಮಾತ್ರೆ ಹೊಟ್ಟೆಗೆ ಇಳಿದು, ರಕ್ತದ ಜೊತೆ ಮೈಯೆಲ್ಲ ಸುತ್ತುವಾಗ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಎಳೆದ ಮದ್ದು ನೇರ ಶ್ವಾಸನಾಳಕ್ಕೆ ಹೋಗಿ ಕೆಲವೇ ನಿಮಿಷಗಳಲ್ಲಿ ಅದನ್ನು ಸಡಿಲಿಸುತ್ತದೆ.

ಆದರೆ ಅಲ್ಲಿಗೆ ತಲುಪಬೇಕಲ್ಲ! ಮದ್ದಿನ ಕಣ ಸುಮಾರು 1ರಿಂದ 5 ಮೈಕ್ರಾನ್ ಇರಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅದಕ್ಕಿಂತ ದಪ್ಪವಾದರೆ ಗಂಟಲಿಗೆ ಅಂಟುತ್ತದೆ, ತೀರ ಸಣ್ಣದಾದರೆ ಬಿಟ್ಟ ಉಸಿರಿನ ಜೊತೆ ಹೊರಬರುತ್ತದೆ. ಇಂಥ ಕಣ ಮಾಡಿಕೊಡುವುದೇ ಇನ್‌ಹೇಲರಿನ ಕೆಲಸ.

ಪಂಪ್ ಹುಟ್ಟಿದ್ದು ಒಂದು ಮಗುವಿನ ಪ್ರಶ್ನೆಯಿಂದ. ಅಮೆರಿಕದ ರೈಕರ್ ಕಂಪನಿಯ ಜಾರ್ಜ್ ಮೇಸನ್ ಅವರ ಅಸ್ತಮಾ ಪೀಡಿತ ಮಗಳು, ಕೂದಲಿಗೆ ಹೊಡೆಯುವ ಸ್ಪ್ರೇಯ ಹಾಗೆ ತನ್ನ ಮದ್ದನ್ನೂ ಯಾಕೆ ಮಾಡಬಾರದು ಎಂದು 1955ರಲ್ಲಿ ಕೇಳಿದಳಂತೆ. ಮರುವರ್ಷವೇ ಪಂಪ್ ಮಾರುಕಟ್ಟೆಗೆ ಬಂತು. ಡಬ್ಬಿಯೊಳಗೆ ಒತ್ತಡದಲ್ಲಿರುವ ದ್ರವದಲ್ಲಿ ಸಾಮಾನ್ಯವಾಗಿ ಮದ್ದಿನ ಕಣಗಳು ತೇಲುತ್ತಿರುತ್ತವೆ. ಕುಲುಕಿ ಎನ್ನುವುದು ಅದಕ್ಕೇ. ಒತ್ತಿದೊಡನೆ ಅಳತೆಯಷ್ಟು ಮಾತ್ರ ರಭಸದಿಂದ ಹೊರಚಿಮ್ಮುತ್ತದೆ. ಆ ರಭಸವೇ ತೊಂದರೆ, ಬಹುಪಾಲು ಗಂಟಲಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಒತ್ತುವುದೂ ಎಳೆಯುವುದೂ ಒಟ್ಟಿಗೆ ಶುರುವಾಗಬೇಕು, ಉಸಿರು ನಿಧಾನ ಮತ್ತು ಆಳವಾಗಿರಬೇಕು, ಬಳಿಕ 10 ಸೆಕೆಂಡ್ ಹಿಡಿದಿಡಬೇಕು. ಈ ಹೊಂದಿಕೆ ಸಾಧಿಸದವರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಇದೆ. ಮದ್ದು ಅದರೊಳಗೆ ವೇಗ ಕಳೆದುಕೊಳ್ಳುತ್ತದೆ, ದಪ್ಪ ಹನಿ ಅದರ ಗೋಡೆಗೇ ಅಂಟುತ್ತದೆ. ಅದನ್ನು ಮಕ್ಕಳ ಸಾಮಾನು ಎಂದು ದೂರ ಇಡುವ ದೊಡ್ಡವರನ್ನು ಕಂಡರೆ ನನಗೆ ಅಸಮಾಧಾನ.

ಕ್ಯಾಪ್ಸೂಲಿನದ್ದು ತದ್ವಿರುದ್ಧ. ಅದನ್ನು ಹಾಕಿ ಎಳೆಯುವ ರೋಟಾಹೇಲರಿನಲ್ಲಿ ಚಿಮ್ಮಿಸುವ ಅನಿಲವೇ ಇಲ್ಲ, ಎಳೆಯುವವರ ಉಸಿರೇ ಅದರ ಯಂತ್ರ. ಲ್ಯಾಕ್ಟೋಸ್ ಎಂಬ ಸಕ್ಕರೆಯ ದಪ್ಪ ಹರಳುಗಳಿಗೆ ಅಂಟಿಕೊಂಡ ಮದ್ದು ಬೇರ್ಪಡಬೇಕಾದರೆ ಮೊದಲ ಕ್ಷಣದಿಂದಲೇ ಜೋರಾಗಿ, ರಭಸವಾಗಿ ಎಳೆಯಬೇಕು. ಬೀಡಿ ಸೇದಿ, ಒಲೆಯ ಹೊಗೆ ಕುಡಿದು ಎದೆ ಸೋತ ಹಿರಿಯರಿಗೆ ಆ ಬಲ ಇರದೇ ಹೋಗಬಹುದು. ದಮ್ಮು ಜೋರಾಗಿ ಕಟ್ಟಿದಾಗ ಎಳೆಯರಿಗೂ ಕಷ್ಟ. ಆಗ ಸ್ಪೇಸರ್ ಜೋಡಿಸಿದ ಪಂಪೇ ಒದಗಿಬರುವುದು.

ಹೀಗಿರುವಾಗ, ಪಂಪ್ ಮುಗಿದಿದೆ, ಅದೇ ಮದ್ದಿನ ಕ್ಯಾಪ್ಸೂಲ್ ಉಂಟು ಎಂದು ಅಂಗಡಿಯಲ್ಲಿ ಬದಲಿಸಿ ಕೊಡುವುದು ನಿರುಪದ್ರವಿ ಕೆಲಸವಲ್ಲ. ಹಳೆಯ ನಿಧಾನದ ಉಸಿರಿನಲ್ಲಿ ಹೊಸ ಸಾಧನ ಎಳೆದರೆ ಪುಡಿ ಕದಲುವುದಿಲ್ಲ. ಕ್ಯಾಪ್ಸೂಲನ್ನು ನೀರಿನಲ್ಲಿ ನುಂಗಿದವರೂ ಇದ್ದಾರೆ, ತೋರಿಸಿಕೊಡುವವರಿಲ್ಲದಿದ್ದರೆ ಅವರದ್ದೇನು ತಪ್ಪು?

ನಮ್ಮ ಮಳೆಗಾಲಕ್ಕೆ ಇನ್ನೂ ಒಂದೆರಡು ಮಾತು. ಕ್ಯಾಪ್ಸೂಲನ್ನು ಎಳೆಯುವ ಹೊತ್ತಿಗಷ್ಟೇ ಹೊರತೆಗೆಯಿರಿ, ಉಳಿದವು ಮುಚ್ಚಿದ ಡಬ್ಬಿಯಲ್ಲೇ ಇರಲಿ. ಸಾಧನದೊಳಗೆ ಉಸಿರು ಬಿಡಬೇಡಿ. ತೊಳೆದರೆ ಪೂರ್ತಿ ಒಣಗಿಸಿ. ಸ್ಟೀರಾಯ್ಡ್ ಇದ್ದ ಮದ್ದಾದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ನಾಲಿಗೆಯಲ್ಲಿ ಬಿಳಿ ಬೂಷ್ಟು ಬರಬಹುದು.

ಪಂಪ್ ಮುಗಿಯಿತೇ ಎಂದು ತಿಳಿಯಲು ಡಬ್ಬಿಯನ್ನು ನೀರಲ್ಲಿ ತೇಲಿಸಿ ನೋಡುವುದು ನಂಬುವಂಥ ಪರೀಕ್ಷೆಯಲ್ಲ. ಮದ್ದು ತೀರಿದ ಮೇಲೂ ಅನಿಲ ಬರುತ್ತಿರುತ್ತದೆ. 200 ಒತ್ತಿನ ಡಬ್ಬಿ ದಿನಕ್ಕೆ 4ರಂತೆ 50 ದಿನಕ್ಕೆ ಮುಗಿಯುತ್ತದೆ, ತೆರೆದ ದಿನವನ್ನು ಅದರ ಮೇಲೆಯೇ ಬರೆದಿಡಿ. ತಕ್ಷಣ ಆರಾಮ ಕೊಡುವ ಪಂಪಿನ ಇಂಥ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ಶ್ವಾಸನಾಳದ ಊತ ಇಳಿದಿಲ್ಲವೆಂದೇ ಅರ್ಥ. ಆಗ ನಾಲ್ಕನೆಯದನ್ನು ಕೊಳ್ಳುವ ಮೊದಲು ಡಾಕ್ಟರರ ಎದುರು ಒಮ್ಮೆ ಎಳೆದು ತೋರಿಸಿ.