ಮಂಡಿನೋವಿಗೆ ಮೀನೆಣ್ಣೆ ಗುಳಿಗೆ: ನುಂಗುವ ಮುನ್ನ ಒಂದು ಮನವಿ

ಹೊಳವನಹಳ್ಳಿ ಹೋಬಳಿಯ ಬಂಧುಗಳಲ್ಲಿ, ಹಾಗೆಯೇ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳ ಎಲ್ಲ ಓದುಗರಲ್ಲಿ ಈ ಮನವಿ. ನಿಮ್ಮ ಮನೆಯಲ್ಲಿ ಹಳದಿ ಬಣ್ಣದ ಎಣ್ಣೆಗುಳಿಗೆಗಳ ಡಬ್ಬಿ ಇದ್ದರೆ ಅದನ್ನೊಮ್ಮೆ ಕೈಗೆತ್ತಿಕೊಂಡು ಮುಂದೆ ಓದಿ.

ಬೆಂಗಳೂರಿನಲ್ಲೋ ತುಮಕೂರಿನಲ್ಲೋ ದುಡಿಯುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಅಪ್ಪ ಅಮ್ಮನಿಗೆಂದು ಇಂಥ ಡಬ್ಬಿ ತರುತ್ತಾರೆ. ಹೊರದೇಶದಲ್ಲಿರುವ ನೆಂಟರು ಕಳಿಸುವುದುಂಟು. ಮಂಡಿನೋವು, ಸೊಂಟನೋವು, ಕಣ್ಣು ಮಂಜು, ಮಕ್ಕಳ ಬೆಳವಣಿಗೆ, ಹೃದಯ ಎಲ್ಲಕ್ಕೂ ಇದೊಂದೇ ಸಾಕು ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ. ಹಿರಿಯರ ಮೇಲಿನ ಪ್ರೀತಿಯಿಂದಲೇ ಇದೆಲ್ಲ ನಡೆಯುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇಂಥ ಡಬ್ಬಿಗಳಲ್ಲಿ ಬರುವ ಕಾಡ್ ಲಿವರ್ ಎಣ್ಣೆ ಲೆಕ್ಕವಿಟ್ಟು ತೆಗೆದುಕೊಳ್ಳಬೇಕಾದ ವಸ್ತು. ನೋವಿನ ಕಾರಣ ತಿಳಿಯದೆ ಅದನ್ನು ನುಂಗಬೇಡಿ, ಅದರೊಳಗೆ ಏನೆಷ್ಟಿದೆ ಎಂದು ನೋಡದೆ ನುಂಗಬೇಡಿ. ನನ್ನ ಕೋರಿಕೆ ಇಷ್ಟೇ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಕಾಡ್ ಎಂಬುದು ಉತ್ತರ ಅಟ್ಲಾಂಟಿಕ್‌ನ ತಣ್ಣನೆಯ ನೀರಿನಲ್ಲಿ ಬದುಕುವ ಮೀನು. ಅದರ ಯಕೃತ್ತಿನಿಂದ, ಅಂದರೆ ಲಿವರ್‌ನಿಂದ ತೆಗೆದ ಎಣ್ಣೆ ಇದು. ಬಿಸಿಲು ಕಾಣದ ಯೂರೋಪಿನ ನಗರಗಳಲ್ಲಿ ಮಕ್ಕಳ ಕಾಲಿನ ಮೂಳೆ ಬಾಗುವ ರಿಕೆಟ್ಸ್ ರೋಗ ಮನೆಮನೆಯ ಸಂಕಟವಾಗಿದ್ದ ಕಾಲದಲ್ಲಿ ಇದು ನಿಜಕ್ಕೂ ಸಂಜೀವಿನಿಯಾಯಿತು. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳ ಮೇಲೆ ಪ್ರಯೋಗ ನಡೆಸಿ, ಈ ಎಣ್ಣೆ ರಿಕೆಟ್ಸ್ ತಡೆಯುತ್ತದೆಂದು ತೋರಿಸಿದರು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್, ಇದರೊಳಗೆ ವಿಟಮಿನ್ ಎ ಅಲ್ಲದೆ ಮೂಳೆ ಗಟ್ಟಿಮಾಡುವ ಇನ್ನೊಂದು ಸತ್ವವೂ ಇದೆಯೆಂದು ಕಂಡುಕೊಂಡರು. ಅದೇ ವಿಟಮಿನ್ ಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಸರ್ಕಾರ ತನ್ನ ಚಿಕ್ಕ ಮಕ್ಕಳಿಗೆಲ್ಲ ಇದನ್ನು ಹಂಚಿತು. ಅದೇ ಯುದ್ಧದಿಂದ ಭಾರತಕ್ಕೆ ಕಾಡ್ ಎಣ್ಣೆ ಬರುವುದು ಕಷ್ಟವಾದಾಗ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಶಾರ್ಕ್ ಮೀನಿನ ಯಕೃತ್ತಿನಿಂದ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು. ಈ ಎಣ್ಣೆಯ ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ಅದು ಗೆದ್ದದ್ದು ಎ ಮತ್ತು ಡಿ ವಿಟಮಿನ್‌ಗಳ ಕೊರತೆ ಇದ್ದವರಲ್ಲಿ. ಕೊರತೆ ಇಲ್ಲದವರಿಗೆ ಅದೇ ಗುಣ ಸಿಗುತ್ತದೆಂದು ಅರ್ಥವಲ್ಲ.

ಅಂಗಡಿಯಲ್ಲಿ 'ಮೀನೆಣ್ಣೆ' ಎಂದು ಕೇಳಿದರೆ ಎರಡು ಬೇರೆ ಬೇರೆ ವಸ್ತುಗಳು ಕೈಗೆ ಬರಬಹುದು. ಬೂತಾಯಿಯಂಥ ಸಣ್ಣ ಮೀನುಗಳ ಇಡೀ ದೇಹದಿಂದ ತೆಗೆದ ಫಿಶ್ ಆಯಿಲ್ ಒಂದು. ಅದರಲ್ಲಿ ಮುಖ್ಯವಾಗಿ ಇರುವುದು ಒಮೆಗಾ-3 ಕೊಬ್ಬು. ಕಾಡ್ ಲಿವರ್ ಆಯಿಲ್ ಇನ್ನೊಂದು. ಅದರಲ್ಲಿ ಒಮೆಗಾ-3 ಜೊತೆಗೆ ಎ ಮತ್ತು ಡಿ ವಿಟಮಿನ್‌ಗಳೂ ಇರುತ್ತವೆ. ಒಮೆಗಾ-3 ಹೆಚ್ಚು ಸಿಗಲಿ ಎಂದು ಕಾಡ್ ಲಿವರ್ ಎಣ್ಣೆಯನ್ನು ಎರಡು ಪಟ್ಟು, ಮೂರು ಪಟ್ಟು ಕುಡಿದವರು ತಮಗೆ ತಿಳಿಯದಂತೆ ವಿಟಮಿನ್ ಎ ಮಿತಿ ಮೀರುತ್ತಾರೆ.

ಲೆಕ್ಕ ನೋಡಿ. ಸತ್ವ ಕಡಿಮೆ ಮಾಡದ ಕಾಡ್ ಲಿವರ್ ಎಣ್ಣೆಯ ಒಂದು ಟೀ ಚಮಚದಲ್ಲಿ ಸುಮಾರು 4,500 ಐಯು (ಅಂತರರಾಷ್ಟ್ರೀಯ ಯೂನಿಟ್) ವಿಟಮಿನ್ ಎ ಇರುತ್ತದೆ, ಅಂದರೆ 1,350 ಮೈಕ್ರೋಗ್ರಾಂ. ವಿಟಮಿನ್ ಡಿ ಸುಮಾರು 450 ಐಯು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯ ಪ್ರಕಾರ ಹೆಂಗಸಿಗೆ ದಿನಕ್ಕೆ ಬೇಕಾದ ವಿಟಮಿನ್ ಎ 840 ಮೈಕ್ರೋಗ್ರಾಂ, ಗಂಡಸಿಗೆ 1,000. ಒಂದೇ ಚಮಚ ಅದನ್ನು ದಾಟುತ್ತದೆ. ಪ್ರಾಣಿಮೂಲದಿಂದ ಸಿದ್ಧರೂಪದಲ್ಲೇ ಸಿಗುವ ಈ ಬಗೆಯ ವಿಟಮಿನ್ ಎಗೆ ದೊಡ್ಡವರಲ್ಲಿ ದಿನದ ಮೇಲ್ಮಿತಿ 3,000 ಮೈಕ್ರೋಗ್ರಾಂ, ಒಂದರಿಂದ ಮೂರು ವರ್ಷದ ಮಗುವಿಗೆ ಬರೀ 600. ಅಂಥ ಮಗುವಿಗೆ 'ಗಟ್ಟಿಮುಟ್ಟಾಗಲಿ' ಎಂದು ದಿನಾ ಒಂದು ಚಮಚ ಕುಡಿಸಿದರೆ ಮೇಲ್ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಕೊಟ್ಟಂತೆ. ಗುಳಿಗೆಗಳಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ ಇರಬಹುದು, ಒಂದೊಂದು ಕಂಪನಿಯದು ಒಂದೊಂದು ರೀತಿ. ಆದ್ದರಿಂದ ಡಬ್ಬಿಯ ಮೇಲಿನ ಅಂಕಿ ನೋಡದೆ ಬೇರೆ ದಾರಿಯಿಲ್ಲ.

ವಿಟಮಿನ್ ಸಿ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಎ ಮತ್ತು ಡಿ ಹಾಗಲ್ಲ. ಅವು ಕೊಬ್ಬಿನಲ್ಲಿ ಕರಗಿ ದೇಹದಲ್ಲೇ ಉಳಿಯುತ್ತವೆ. ವಿಟಮಿನ್ ಎ ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಕೂಡುತ್ತಾ ಹೋದರೆ ತಲೆನೋವು, ವಾಕರಿಕೆ, ತುಟಿ ಒಡೆಯುವುದು, ಕೂದಲು ಉದುರುವುದು, ಮೂಳೆನೋವು ಕಾಣಿಸುತ್ತವೆ, ಕೊನೆಗೆ ಯಕೃತ್ತೇ ಹಾಳಾಗಬಹುದು. ಇದರಲ್ಲೊಂದು ಕ್ರೂರವಾದ ವಿಷಯವಿದೆ. ಮೂಳೆ ಗಟ್ಟಿಯಾಗಲೆಂದು ನುಂಗಿದ್ದೇ ಅತಿಯಾದರೆ ಮೂಳೆಯನ್ನು ಸವೆಸುತ್ತದೆ. ಮುಟ್ಟು ನಿಂತ 70,000ಕ್ಕೂ ಹೆಚ್ಚು ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಬಗೆಯ ವಿಟಮಿನ್ ಎ ಹೆಚ್ಚು ಸೇವಿಸಿದವರಲ್ಲಿ ಸೊಂಟದ ಮೂಳೆ ಮುರಿತ ಹೆಚ್ಚು ಕಂಡುಬಂತು. ನುಗ್ಗೆಸೊಪ್ಪು, ಪರಂಗಿಹಣ್ಣು, ಸಿಹಿಗುಂಬಳದಿಂದ ಸಿಗುವ ಸತ್ವಕ್ಕೆ ಈ ಭಯವಿಲ್ಲ. ದೇಹ ಅದನ್ನು ತನಗೆ ಬೇಕಾದಷ್ಟೇ ವಿಟಮಿನ್ ಎ ಆಗಿ ಮಾಡಿಕೊಳ್ಳುತ್ತದೆ.

ವಿಟಮಿನ್ ಡಿ ವಿಷಯದಲ್ಲಿ ನಮ್ಮ ಕಡೆಯ ಅಪಾಯ ಬೇರೆ ರೀತಿಯದು. ಡಾಕ್ಟರು ವಾರಕ್ಕೊಂದರಂತೆ ಕೆಲವು ವಾರಗಳಿಗೆಂದು 60,000 ಐಯು ಗುಳಿಗೆ ಅಥವಾ ಪುಡಿ ಬರೆದುಕೊಡುತ್ತಾರೆ. ಚೀಟಿಯ ಅವಧಿ ಮುಗಿದ ಮೇಲೂ 'ಅದರಿಂದ ಆರಾಮಾಯಿತು' ಎಂದು ಅದೇ ಗುಳಿಗೆಯನ್ನು ಮತ್ತೆ ಮತ್ತೆ ತರಿಸುವವರಿದ್ದಾರೆ. ವಾರದ ಗುಳಿಗೆಯನ್ನು ದಿನದ ಗುಳಿಗೆಯೆಂದು ತಪ್ಪು ತಿಳಿದು ನುಂಗುವ ಅಪಾಯವೂ ಇದೆ. ಅದರ ಮೇಲೆ ಕ್ಯಾಲ್ಸಿಯಂ ಮಾತ್ರೆ, ಮಲ್ಟಿವಿಟಮಿನ್, ಮಕ್ಕಳು ತಂದ ಕಾಡ್ ಲಿವರ್ ಡಬ್ಬಿ ಎಲ್ಲ ಸೇರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು ಇವೆಲ್ಲ ಅದರ ಲಕ್ಷಣಗಳು. ಕಡೆಗೆ ಮೂತ್ರಪಿಂಡಕ್ಕೂ ಹೊಡೆತ ಬೀಳುತ್ತದೆ. ವಯಸ್ಸಾಯಿತು, ಸುಸ್ತು ಎಂದುಕೊಂಡು ಇದನ್ನು ಮನೆಯವರು ಗಮನಿಸದೇ ಹೋಗಬಹುದು.

ಈಗ ನೋವಿನ ಮೂಲಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಈ ಮಾತನ್ನು ಹೇಳದೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಜಯಮಂಗಲಿ ಹರಿಯುವ ನಾಡಿದು. ಆದರೂ ನಾವು ಕುಡಿಯುವುದು ಬಹುಮಟ್ಟಿಗೆ ಆಳದ ಕೊಳವೆಬಾವಿಯ ನೀರು. ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಭಾಗದ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಅದನ್ನು ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. ದೊಡ್ಡವರಲ್ಲಿ ಕುತ್ತಿಗೆ, ಬೆನ್ನು, ಮಂಡಿ ಬಿಗಿದುಕೊಂಡು ಕಡೆಗೆ ಬಗ್ಗಿ ಕಾಲ್ಬೆರಳು ಮುಟ್ಟಲಾಗದ ಸ್ಥಿತಿ ಬರುತ್ತದೆ. ಈ ಮೂಳೆರೋಗ ಹಳ್ಳಿಗೆ ಹಳ್ಳಿಯನ್ನೇ ಹಿಡಿದಿರುವುದನ್ನು ವೈದ್ಯರು 1937ರಲ್ಲೇ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ದಾಖಲಿಸಿದ್ದರು.

ಫ್ಲೋರೈಡ್‌ನಿಂದ ಬಂದ ನೋವು ಕಾಡ್ ಲಿವರ್ ಗುಳಿಗೆಯಿಂದ ಹೋಗುವುದಿಲ್ಲ. ನೀರು ಬದಲಾಗಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಚೆನ್ನಾಗಿ ನಡೆಯುತ್ತಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರ ತಂದು, ಮುದ್ದೆಗೆ, ಸಾರಿಗೆ, ಅನ್ನಕ್ಕೆ ಬೋರಿನ ನೀರನ್ನೇ ಹಾಕುವ ಮನೆಗಳಿವೆ. ತಾಯಂದಿರೇ, ಅಡುಗೆಗೂ ಅದೇ ನೀರು ಬಳಸಿ. ಮಂಡಿನೋವಿಗೆ ಸವೆತ, ಸಂಧಿವಾತ, ಯೂರಿಕ್ ಆಸಿಡ್ ಹೀಗೆ ಬೇರೆ ಕಾರಣಗಳೂ ಇರಬಹುದು. ಯಾವುದೆಂದು ಹೇಳಬೇಕಾದವರು ಡಾಕ್ಟರು.

ವಿಟಮಿನ್ ಡಿ ಕೊರತೆ ನಮ್ಮಲ್ಲಿ ಇಲ್ಲವೆಂದು ಹೇಳುತ್ತಿಲ್ಲ. ಬಿಸಿಲಿಗೆ ಬರಗಾಲವಿಲ್ಲದ ದಕ್ಷಿಣ ಭಾರತದಲ್ಲೂ ಅದು ಸಾಕಷ್ಟಿದೆ. ತಿರುಪತಿ ಸುತ್ತಮುತ್ತ ನಡೆದ ಅಧ್ಯಯನಗಳಲ್ಲಿ ಹೊಲದಲ್ಲಿ ದುಡಿಯುವವರಲ್ಲೂ ಕೊರತೆ ಕಂಡಿದೆ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದೂ ಕಂಡಿದೆ. ಕೊರತೆಯಿದ್ದರೆ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟು ದಿನ ವಿಟಮಿನ್ ಡಿ ತೆಗೆದುಕೊಳ್ಳುವುದು ನೇರ ದಾರಿ. ಅದಕ್ಕೆ ವಿಟಮಿನ್ ಎಯ ಹೊರೆ ಹೊರಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಮಜ್ಜಿಗೆ, ಸೊಪ್ಪಿನ ಸಾರು ಬಿಟ್ಟವರು ಮೊದಲು ಅವಕ್ಕೆ ಮರಳಲಿ. ಮೊಟ್ಟೆ ತಿನ್ನುವವರಿಗೆ ಅದರ ಹಳದಿಯಲ್ಲೇ ಎ, ಡಿ ಎರಡೂ ಸ್ವಲ್ಪ ಸ್ವಲ್ಪ ಸಿಗುತ್ತವೆ. ಮೀನು ತಿನ್ನುವವರು ಮಂಗಳೂರು, ಮಲ್ಪೆ ಕಡೆಯಿಂದ ಬರುವ ಬೂತಾಯಿ, ಬಂಗುಡೆಯನ್ನು ವಾರಕ್ಕೊಂದೆರಡು ಸಲ ಸಾರು ಮಾಡಿ ಉಂಡರೆ ಒಮೆಗಾ-3 ತಾನಾಗಿ ಬರುತ್ತದೆ. ಇನ್ನು ಹೃದಯಕ್ಕೆಂದು ಗುಳಿಗೆ ನುಂಗುವವರಿಗೆ ಒಂದು ಮಾತು. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ಆರೋಗ್ಯವಾಗಿದ್ದವರಲ್ಲಿ ಒಮೆಗಾ-3 ಗುಳಿಗೆಯಾಗಲಿ ವಿಟಮಿನ್ ಡಿ ಆಗಲಿ ಹೃದ್ರೋಗ, ಪಾರ್ಶ್ವವಾಯುಗಳನ್ನು ಒಟ್ಟಾರೆಯಾಗಿ ಗಣನೀಯವಾಗಿ ತಗ್ಗಿಸಲಿಲ್ಲ.

ಇವರು ಮಾತ್ರ ಡಾಕ್ಟರನ್ನು ಕೇಳದೆ ಕಾಡ್ ಲಿವರ್ ಎಣ್ಣೆ ಮುಟ್ಟಲೇಬಾರದು. ಮೊದಲನೆಯವರು ಗರ್ಭಿಣಿಯರು ಮತ್ತು ಮಗುವಿಗಾಗಿ ಕಾಯುತ್ತಿರುವವರು. ಅತಿಯಾದ ವಿಟಮಿನ್ ಎ ಹೊಟ್ಟೆಯಲ್ಲಿರುವ ಮಗುವಿನ ಅಂಗರಚನೆಯನ್ನೇ ಕೆಡಿಸಬಲ್ಲದು, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಗರ್ಭಿಣಿಯರಿಗೆ ಇದು ಬೇಡವೇ ಬೇಡ ಎನ್ನುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ, ಫೋಲಿಕ್, ಕ್ಯಾಲ್ಸಿಯಂ ಮಾತ್ರೆಗಳನ್ನು ಮಾತ್ರ ತಪ್ಪದೆ ನುಂಗಿ. ಎರಡನೆಯವರು ಐದು ವರ್ಷದೊಳಗಿನ ಮಕ್ಕಳು. ಇವರಿಗೆ ಒಂಬತ್ತನೇ ತಿಂಗಳಲ್ಲಿ 1 ಲಕ್ಷ ಐಯು, ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷ ಐಯು ವಿಟಮಿನ್ ಎ ದ್ರಾವಣವನ್ನು ಸರ್ಕಾರವೇ ಹಾಕಿಸುತ್ತದೆ. ಇರುಳುಗುರುಡು ತಡೆಯಲು 1970ರಿಂದ ನಡೆದುಬಂದ ಕಾರ್ಯಕ್ರಮವಿದು. ಅಂತರವಿಟ್ಟು, ತಾಯಿ ಕಾರ್ಡಿನಲ್ಲಿ ಬರೆದು ಕೊಡುವ ಆ ದ್ರಾವಣ ಸಾಕು. ಮೂರನೆಯವರು ಯಕೃತ್ತಿನ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಅಥವಾ ಕಲ್ಲು ಇರುವವರು, ಕುಡಿತದ ಅಭ್ಯಾಸವಿರುವವರು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಮೊಡವೆಗೆ ಐಸೊಟ್ರೆಟಿನಾಯಿನ್ ಗುಳಿಗೆ ನುಂಗುತ್ತಿರುವ ಹುಡುಗ ಹುಡುಗಿಯರೂ ಈ ಸಾಲಿಗೇ ಸೇರುತ್ತಾರೆ.

ಡಾಕ್ಟರು ಒಪ್ಪಿದರೆ ಕೊಳ್ಳುವಾಗ ಇಷ್ಟು ನೋಡಿ. ಡಬ್ಬಿಯ ಹಿಂದೆ ಒಂದು ಗುಳಿಗೆಯಲ್ಲಿ ವಿಟಮಿನ್ ಎ ಎಷ್ಟು, ಡಿ ಎಷ್ಟು ಎಂದು ಬರೆದಿರಬೇಕು. ಮನೆಯ ಬೇರೆ ಮಾತ್ರೆಗಳಲ್ಲಿರುವ ಎ, ಡಿ ಕೂಡಿಸಿ. ಎಲ್ಲ ಸೇರಿ ವಿಟಮಿನ್ ಎ ದಿನಕ್ಕೆ 1,500 ಮೈಕ್ರೋಗ್ರಾಂ, ಅಂದರೆ 5,000 ಐಯು ಮೀರದಿದ್ದರೆ ಕ್ಷೇಮ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಲಿ. ಆಹಾರಪೂರಕವಾಗಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಇದು ಮೀನಿನ ಎಣ್ಣೆ, ಅದರ ಮೆತ್ತನೆಯ ಹೊದಿಕೆಯಾದ ಜೆಲಟಿನ್ ಕೂಡ ಸಾಮಾನ್ಯವಾಗಿ ಪ್ರಾಣಿಮೂಲದ್ದೇ. ಮಾಂಸಾಹಾರ ಮುಟ್ಟದ ಹಿರಿಯರಿಗೆ ಅದನ್ನು ಮುಚ್ಚಿಟ್ಟು ಕೊಡುವುದು ನ್ಯಾಯವಲ್ಲ. ಊಟದ ಜೊತೆಗೇ ತೆಗೆದುಕೊಳ್ಳಿ, ಬರಿಹೊಟ್ಟೆಯಲ್ಲಿ ಬೇಡ. ಎಣ್ಣೆಯಾದರೆ ಬಾಟಲಿಯ ಜೊತೆ ಬಂದ ಅಳತೆ ಚಮಚವನ್ನೇ ಬಳಸಿ. ನಮ್ಮ ಬೇಸಿಗೆಯ ಕಾವಿಗೆ ಈ ಎಣ್ಣೆ ಬೇಗ ಕೆಡುತ್ತದೆ. ತಂಪಾದ, ಬಿಸಿಲು ಬೀಳದ, ಮಕ್ಕಳ ಕೈಗೆಟುಕದ ಕಡೆ ಇಡಿ. ಗುಳಿಗೆಗಳು ಒಂದಕ್ಕೊಂದು ಅಂಟಿದ್ದರೆ, ಕಮಟು ವಾಸನೆ ಬಂದರೆ ಬಿಸಾಡಿ.

ಇದು ಒಬ್ಬೊಬ್ಬರ ಮನೆಯ ಕೆಲಸ ಮಾತ್ರವಲ್ಲ. ಮೆಡಿಕಲ್ ಸ್ಟೋರಿನವರೇ, ಡಬ್ಬಿ ಕೊಡುವ ಮುನ್ನ ಯಾರಿಗೆ, ವಯಸ್ಸೆಷ್ಟು, ಗರ್ಭಿಣಿಯೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳಿ. ಆಶಾ ಮತ್ತು ಅಂಗನವಾಡಿ ಅಕ್ಕಂದಿರೇ, ಮನೆಭೇಟಿಯಲ್ಲಿ ತಾಯಿ ಕಾರ್ಡಿನ ಜೊತೆಗೆ ಮನೆಯಲ್ಲಿರುವ ಟಾನಿಕ್, ಗುಳಿಗೆಗಳನ್ನೂ ತೋರಿಸಲು ಹೇಳಿ. ಗ್ರಾಮ ಪಂಚಾಯಿತಿಯ ಸದಸ್ಯರೇ, ಪ್ರತಿ ನೀರಿನ ಘಟಕದ ಮುಂದೆ ಫ್ಲೋರೈಡ್ ಎಷ್ಟಿದೆ, ಯಾವ ತಾರೀಖಿನಲ್ಲಿ ಪರೀಕ್ಷಿಸಿದ್ದು ಎಂದು ಫಲಕ ಹಾಕಿಸಿ, ಕೆಟ್ಟು ನಿಂತ ಘಟಕಗಳನ್ನು ಬೇಗ ರಿಪೇರಿ ಮಾಡಿಸಿ. ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತುವ ಹಕ್ಕು ನಮ್ಮೆಲ್ಲರಿಗಿದೆ, ಎತ್ತೋಣ.

ಬೆಂಗಳೂರಿನಲ್ಲಿರುವ ಮಕ್ಕಳೇ, ಮುಂದಿನ ಸಲ ಊರಿಗೆ ಬಂದಾಗ ಡಬ್ಬಿ ತರುವ ಬದಲು ಒಂದು ದಿನ ರಜೆ ಹಾಕಿ. ಅಪ್ಪ ಅಮ್ಮ ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು, ಅವರನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೋ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಕರೆದುಕೊಂಡು ಹೋಗಿ ತೋರಿಸಿ. ಸಂಶಯ ಬಂದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. ಮಾತ್ರೆಯಿಂದ ತೊಂದರೆಯಾಗಿದೆ ಎನಿಸಿದರೆ ಅದನ್ನು ನಿಲ್ಲಿಸಿ ಡಾಕ್ಟರನ್ನು ಕಾಣಿ, ಔಷಧ ಅಡ್ಡಪರಿಣಾಮದ ಸಹಾಯವಾಣಿ 1800-180-3024ಕ್ಕೆ ತಿಳಿಸಿ. ಈ ಕರೆಗೆ ಶುಲ್ಕವಿಲ್ಲ. ಕಾರಣ ತಿಳಿದು, ಲೆಕ್ಕ ನೋಡಿ, ಕೇಳಿಕೊಂಡು ತೆಗೆದುಕೊಳ್ಳೋಣ. ಅದಕ್ಕಿಂತ ಮೊದಲು ನಮ್ಮ ನೀರನ್ನು ಸರಿಪಡಿಸಿಕೊಳ್ಳೋಣ.